ಲಾರಿಯ ಬೆಲ್ಟು, ಸರಪಳಿ, ಟಾರ್ಪಾಲುಗಳನ್ನು ಎಲ್ಲಿಡಬೇಕು, ಹೇಗೆ ಬಿಗಿಯಬೇಕು: ಘಾಟಿಯಲ್ಲಿ ಓಡಾಡುವವರಿಗೆ ಒಂದು ಮಾರ್ಗದರ್ಶಿ

ಕಾಫಿ ಕೊಯ್ಲು ಹತ್ತಿರವಾದಂತೆ ಲಾರಿ ಇಟ್ಟುಕೊಂಡವರೂ ಬಾಡಿಗೆ ಲಾರಿಗೆ ಮೂಟೆ ತುಂಬಿಸುವ ತೋಟದವರೂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೂಟೆಯನ್ನು ಕಟ್ಟುವುದು ಹೇಗೆಂಬುದು ಅವರಿಗೆ ಗೊತ್ತಿದೆ. ಕಟ್ಟುವ ಸಾಮಾನನ್ನು, ಅಂದರೆ ಬೆಲ್ಟು, ಸರಪಳಿ, ಹಗ್ಗ, ಟಾರ್ಪಾಲು, ಜಾಕಿ, ಚಕ್ರ ಉರುಳದಂತೆ ಅಡ್ಡಕೊಡುವ ಅಡೆಗಟ್ಟೆಗಳನ್ನು, ಬಳಕೆಯಲ್ಲಿಲ್ಲದ ಹೊತ್ತಿನಲ್ಲಿ ಎಲ್ಲಿಡಬೇಕೆಂಬುದೇ ಅವರ ಗೊಂದಲ. ಸಾಮಾನ್ಯವಾಗಿ ಅವು ಖಾಲಿ ಲಾರಿಯ ತಳಹಲಗೆಯ ಮೇಲೋ ಕ್ಲೀನರ್ ಕಾಲಿನ ಬುಡದಲ್ಲೋ ರಾಶಿ ಬಿದ್ದಿರುತ್ತವೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಇದು ಹೇಗೋ ನಡೆದುಹೋಗಬಹುದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿಯೂ ವಿರಾಜಪೇಟೆಯಿಂದ ಮಾಕುಟ್ಟದ ಮೂಲಕ ಕೇರಳಕ್ಕೆ ಇಳಿಯುವ ದಾರಿಯಲ್ಲಿಯೂ ನಡೆಯುವುದಿಲ್ಲ. ಇಲ್ಲಿ ಪ್ರತಿ ತಿರುವೂ ಲಾರಿಯೊಳಗಿನ ಸಡಿಲ ವಸ್ತುವನ್ನು ಒಂದು ಪಕ್ಕಕ್ಕೆ ದೂಡುತ್ತದೆ, ಪ್ರತಿ ಬ್ರೇಕೂ ಮುಂದಕ್ಕೆ ಎಸೆಯುತ್ತದೆ, ಇವೆರಡರಿಂದ ಉಳಿದುಕೊಂಡದ್ದನ್ನು ಮಳೆಗಾಲ ಕೊಳೆಸುತ್ತದೆ.

ಆದ್ದರಿಂದ ಕಟ್ಟುವ ಸಾಮಾನನ್ನೂ ಒಂದು ಸರಕೆಂದೇ ಎಣಿಸಿ ಕೆಲಸ ಆರಂಭಿಸಿ.

ಬೇಕಾಗುವ ವಸ್ತುಗಳು

ಷಾಸಿಗೆ, ಅಂದರೆ ಲಾರಿಯ ತಳದ ಉಕ್ಕಿನ ಚೌಕಟ್ಟಿಗೆ, ಬಿಗಿಯುವ, ಮುಚ್ಚಳವಿರುವ ಎರಡು ಕಬ್ಬಿಣದ ಪೆಟ್ಟಿಗೆಗಳು, ಅವುಗಳ ಒಳಗೆ ಹಾಸಲು ಹಳೆಯ ಟ್ಯೂಬಿನ ರಬ್ಬರ್, ಗಾಳಿಯಾಡುವ ನಾಲ್ಕಾರು ಬಲೆಚೀಲಗಳು, ಬೀಗಗಳು, ತೆಳುವಾದ ಯಂತ್ರದ ಎಣ್ಣೆ, ತಂತಿಯ ಬ್ರಷ್, ಒಂದು ತೂಕದ ಕೊಕ್ಕೆ. ಕೊನೆಯದನ್ನು ತೋಟದ ಕಣದಿಂದ ಒಂದು ಗಂಟೆಗೆ ಎರವಲು ತಂದರೂ ಸಾಕು.

1. ಎಲ್ಲವನ್ನೂ ಕೆಳಗಿಳಿಸಿ, ಕೆಟ್ಟದ್ದನ್ನು ಬೇರ್ಪಡಿಸಿ

ಲಾರಿಯಲ್ಲಿರುವ ಪ್ರತಿಯೊಂದು ಸಾಮಾನನ್ನೂ ಹಗಲು ಬೆಳಕಿನಲ್ಲಿ ನೆಲಕ್ಕೆ ಇಳಿಸಿ ಹರಡಿ. ಬೆಲ್ಟನ್ನು ಪೂರ್ತಿ ಬಿಚ್ಚಿ ಅದರ ಎರಡೂ ಅಂಚುಗಳನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಹಿಡಿದು ಎಳೆಯುತ್ತಾ ಹೋಗಿ. ಕಣ್ಣಿಗೆ ಕಾಣದ ಸೀಳು ಬೆರಳಿಗೆ ಸಿಗುತ್ತದೆ. ನೂಲು ಗಟ್ಟಿಯಾಗಿ ಹೊಳೆಯುವ ಜಾಗ ಸಿಕ್ಕರೆ ಅಲ್ಲಿ ಅದು ಬಿಸಿ ತಗುಲಿ ಕರಗಿದೆಯೆಂದು ತಿಳಿಯಿರಿ. ಅಂಚು ಸೀಳಿದ, ಸುಟ್ಟ, ಹೊಲಿಗೆ ಬಿಟ್ಟ ಅಥವಾ ಗಂಟು ಹಾಕಿ ಜೋಡಿಸಿದ ಬೆಲ್ಟು ಕೆಲಸಕ್ಕೆ ಬಾರದು. ಗಂಟು ಹಾಕಿದಲ್ಲಿ ಬೆಲ್ಟಿನ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು ಮತ್ತು ತುಂಡಾಗುವುದು ಆ ಜಾಗದಲ್ಲಿಯೇ.

ಸರಪಳಿಯಲ್ಲಿ ಉದ್ದಕ್ಕೆ ಹಿಗ್ಗಿದ ಕೊಂಡಿ, ತಿರುಚಿದ ಕೊಂಡಿ, ಬಾಯಿ ಅಗಲಿದ ಕೊಕ್ಕೆ ಇವೆಯೇ ನೋಡಿ. ಕೊಂಡಿಯ ದಪ್ಪ ಸವೆದು ಹತ್ತರಲ್ಲಿ ಒಂದು ಭಾಗ ಕಡಿಮೆಯಾಗಿದ್ದರೆ ಆ ಸರಪಳಿಯನ್ನು ಕಟ್ಟಲು ಬಳಸಬೇಡಿ, ಬೆಸುಗೆ ಹಾಕಿಸಿ ಮತ್ತೆ ಬಳಸುವ ಯೋಚನೆಯನ್ನಂತೂ ಮಾಡಲೇಬೇಡಿ. ಶಾಖದಲ್ಲಿ ಹದಗೊಳಿಸಿದ ಉಕ್ಕು ಬೆಸುಗೆಯ ಬಿಸಿಗೆ ತನ್ನ ಹದವನ್ನು ಕಳೆದುಕೊಳ್ಳುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ಕೆಟ್ಟ ಬೆಲ್ಟನ್ನು "ಯಾವುದಕ್ಕಾದರೂ ಆದೀತು" ಎಂದು ಪೆಟ್ಟಿಗೆಯ ತಳಕ್ಕೆ ತಳ್ಳುತ್ತಾರೆ. ರಾತ್ರಿ ಮಳೆಯಲ್ಲಿ ಮೂಟೆ ಕಟ್ಟುವಾಗ ಕೈಗೆ ಮೊದಲು ಸಿಗುವುದು ಅದೇ ಬೆಲ್ಟು. ಕೆಟ್ಟದ್ದೆಂದು ತೀರ್ಮಾನಿಸಿದ ಬೆಲ್ಟನ್ನು ಅಲ್ಲಿಯೇ ಕತ್ತಿಯಿಂದ ಎರಡು ತುಂಡು ಮಾಡಿ.

2. ಏತರಿಂದ ಮಾಡಿದ್ದು ಎಂಬುದನ್ನು ನೋಡಿ ಗುಂಪು ಮಾಡಿ

ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ನನ್ನ ಮಟ್ಟಿಗೆ ಕೊಡಗಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬೆಲ್ಟಿನ ತುದಿಯಲ್ಲಿ ಹೊಲಿದಿರುವ ಚೀಟಿಯ ಬಣ್ಣವನ್ನು ನೋಡಿ. ಯುರೋಪಿನ ಮಾನದಂಡವನ್ನು ಅನುಸರಿಸುವ ತಯಾರಕರು ಪಾಲಿಯೆಸ್ಟರ್ ಬೆಲ್ಟಿಗೆ ನೀಲಿ, ನೈಲಾನಿಗೆ ಹಸಿರು, ಪಾಲಿಪ್ರೊಪಿಲೀನಿಗೆ ಕಂದು ಬಣ್ಣದ ಚೀಟಿಯನ್ನು ಹಾಕುತ್ತಾರೆ. ಚೀಟಿಯ ಮೇಲೆ "ಎಲ್.ಸಿ." ಎಂಬ ಅಕ್ಷರಗಳ ಮುಂದೆ ಇರುವ ಸಂಖ್ಯೆ ಆ ಬೆಲ್ಟನ್ನು ನೇರವಾಗಿ ಎಷ್ಟು ಬಲದಿಂದ ಎಳೆಯಬಹುದೆಂಬುದರ ಮಿತಿ. ಅದರ ಅಳತೆ ಡೆಕಾನ್ಯೂಟನ್. ಒಂದು ಡೆಕಾನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ತೂಕದ ಎಳೆತ. 50 ಮಿ.ಮೀ. ಅಗಲದ ಸಾಮಾನ್ಯ ಬೆಲ್ಟಿನ ಮೇಲೆ 2500 ಎಂಬ ಸಂಖ್ಯೆ ಕಂಡುಬರುತ್ತದೆ. ಚೀಟಿ ಹರಿದುಹೋದ ಬೆಲ್ಟಿನ ಬಲವನ್ನು ಹೇಳುವವರು ಯಾರೂ ಇಲ್ಲ, ಆದ್ದರಿಂದ ಅದನ್ನು ಟಾರ್ಪಾಲನ್ನು ಮಡಚಿ ಕಟ್ಟಿಡುವಂತಹ ಹಗುರ ಕೆಲಸಕ್ಕೆ ಮೀಸಲಿಡಿ.

ಪಾಲಿಯೆಸ್ಟರ್ ಆಮ್ಲವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಕ್ಷಾರವನ್ನು ತಡೆಯದು. ನೈಲಾನಿನದು ಇದಕ್ಕೆ ತದ್ವಿರುದ್ಧ. ನಮ್ಮಲ್ಲಿ ಮಣ್ಣು ಹುಳಿಯಾದುದರಿಂದ ತೋಟಗಳಿಗೆ ಸುಣ್ಣ ಬರುತ್ತದೆ, ಮನೆ ಕಟ್ಟುವವರಿಗೆ ಸಿಮೆಂಟು ಬರುತ್ತದೆ, ಅದೇ ಲಾರಿ ಮರಳುವಾಗ ಕಾಫಿಯನ್ನು ಹೊತ್ತೊಯ್ಯುತ್ತದೆ. ಸುಣ್ಣವೂ ಸಿಮೆಂಟೂ ಕ್ಷಾರಗುಣದವು. ಒದ್ದೆ ಪಾಲಿಯೆಸ್ಟರ್ ಬೆಲ್ಟನ್ನು ಸುಣ್ಣದ ಪುಡಿ ಕೂತ ತಳಹಲಗೆಯ ಮೇಲೆ ವಾರಗಟ್ಟಲೆ ಬಿಟ್ಟರೆ ಹೊರನೋಟಕ್ಕೆ ಏನೂ ಆಗದಿದ್ದರೂ ನೂಲು ಒಳಗೊಳಗೇ ಸಾಯುತ್ತದೆ. ನೈಲಾನ್ ಹಗ್ಗವನ್ನು ಬ್ಯಾಟರಿ ಪೆಟ್ಟಿಗೆಯ ಬಳಿ ಇಡುವುದೂ ಇಷ್ಟೇ ಕೆಟ್ಟದ್ದು, ಏಕೆಂದರೆ ಬ್ಯಾಟರಿಯಿಂದ ತುಳುಕುವುದು ಗಂಧಕಾಮ್ಲ. ಅಲ್ಲದೆ ನೈಲಾನ್ ಒದ್ದೆಯಾದಾಗ ಹಿಗ್ಗುತ್ತದೆ. ಮಡಿಕೇರಿಯಲ್ಲಿ ಬಿಗಿದ ಹಗ್ಗ ಘಾಟಿ ಇಳಿಯುವಷ್ಟರಲ್ಲಿ ಸಡಿಲವಾಗಿರುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ನೀರನ್ನು ಹೀರುವುದಿಲ್ಲ, ಆದರೆ ಬಿಸಿಲಿಗೆ ಬೇಗ ಪೆಳಸಾಗುತ್ತದೆ. ತೆಂಗಿನ ನಾರು, ಸೆಣಬು ಕೊಳೆಯುತ್ತವೆ.

ಹೀಗಾಗಿ ಗುಂಪುಗಳು ಮೂರು: ನೂಲಿನ ಸಾಮಾನು, ಕಬ್ಬಿಣದ ಸಾಮಾನು, ಎಣ್ಣೆ ಮತ್ತು ಡೀಸೆಲ್ ತಗುಲಿದ ಸಾಮಾನು. ಮೂರನೆಯದನ್ನು ಮೊದಲಿನದರ ಹತ್ತಿರ ಸುಳಿಯಗೊಡಬೇಡಿ. ಕಾಫಿಬೀಜ ಸುತ್ತಲಿನ ವಾಸನೆಯನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಡೀಸೆಲ್ ಕುಡಿದ ಹಗ್ಗ ಗೋಣಿಚೀಲಕ್ಕೆ ತಾಗಿ ಕೂತರೆ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಕಾಫಿಯನ್ನು ಸುಲಿದು ವಿಂಗಡಿಸುವ ಕಾರ್ಖಾನೆಯಲ್ಲಿ, ಮೂಟೆಯ ಬಾಯಿ ಬಿಚ್ಚಿದಾಗ ಗೊತ್ತಾಗುತ್ತದೆ. ಆಗ ಬೆಲೆ ಕಡಿತದ ಮಾತು ಬರುವುದು ತೋಟದವರ ಲೆಕ್ಕಕ್ಕೆ.

3. ತೂಕ ಮಾಡಿ, ಭಾರವಾದದ್ದಕ್ಕೆ ಕೆಳಗಿನ ಜಾಗ ಕೊಡಿ

8 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 1.4 ಕಿಲೋ ತೂಗುತ್ತದೆ. ಆರು ಮೀಟರಿನ ಆರು ಸರಪಳಿಗಳೆಂದರೆ ಬಿಗಿಯುವ ಲಿವರುಗಳನ್ನು ಬಿಟ್ಟೇ 50 ಕಿಲೋ, ಒಂದು ಮೂಟೆ ಕಾಫಿಯಷ್ಟು ಭಾರ. ಈ ತೂಕವೂ ಆರ್.ಸಿ. ಪುಸ್ತಕದಲ್ಲಿ ನಮೂದಾದ ಒಟ್ಟು ತೂಕದೊಳಗೆ ಸೇರಬೇಕೆಂಬುದನ್ನು ಮರೆಯದಿರಿ.

ಜೋರಾಗಿ ಬ್ರೇಕ್ ಹಾಕಿದಾಗ ವಸ್ತು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೂ, ತಿರುವಿನಲ್ಲಿ ಅರ್ಧದಷ್ಟು ಬಲದಿಂದ ಪಕ್ಕಕ್ಕೂ ನುಗ್ಗುತ್ತದೆಂಬುದು ಸರಕು ಕಟ್ಟುವ ಅಂತರರಾಷ್ಟ್ರೀಯ ಮಾನದಂಡಗಳಲ್ಲಿರುವ ಲೆಕ್ಕ. 30 ಕಿಲೋ ಟಾರ್ಪಾಲು ಮುಂದಕ್ಕೆ 24 ಕಿಲೋ, ಪಕ್ಕಕ್ಕೆ 15 ಕಿಲೋ ಬಲದಿಂದ ತಳ್ಳುತ್ತದೆಂದು ಇಟ್ಟುಕೊಂಡು ಅದರ ಕಟ್ಟನ್ನು ನಿರ್ಧರಿಸಿ. ಡಿಕ್ಕಿಯಾದರೆ ಈ ಲೆಕ್ಕವೂ ಸಾಲದು: 40 ಕಿ.ಮೀ. ವೇಗದಲ್ಲಿದ್ದ ಲಾರಿ ಧಟ್ಟನೆ ನಿಂತಾಗ ಕ್ಯಾಬಿನ್ನಿನೊಳಗೆ ಸಡಿಲವಾಗಿದ್ದ ಜಾಕಿ ಆರು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದಷ್ಟು ರಭಸದಲ್ಲಿ ಬಡಿಯುತ್ತದೆ, 60ರಲ್ಲಿ ಅದು 14 ಮೀಟರಾಗುತ್ತದೆ. ಸಿಲ್ವರ್ ಓಕ್ ಮರದ ತುದಿಯಲ್ಲಿ ಕೂತು ಕೊಂಬೆ ಸವರುವವನ ಕೈಯಿಂದ ಕತ್ತಿ ಜಾರಿದಂತೆ ಎಂದು ಯೋಚಿಸಿದರೆ ಅಂದಾಜು ಸಿಗುತ್ತದೆ.

4. ಪೆಟ್ಟಿಗೆಗಳನ್ನು ಷಾಸಿಗೆ ಬಿಗಿಯಿರಿ

ಕಬ್ಬಿಣದ ಸಾಮಾನಿನ ಪೆಟ್ಟಿಗೆಯನ್ನು ಷಾಸಿಯ ಪಕ್ಕದಲ್ಲಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ, ರಸ್ತೆಯ ಅಂಚಿನ ಕಡೆಗೆ, ಅಂದರೆ ಎಡಕ್ಕೆ ಅಳವಡಿಸಿ. ಪೆಟ್ಟಿಗೆಯನ್ನು ತೆರೆಯುವವನ ಬೆನ್ನ ಹಿಂದೆ ಬಸ್ಸು ಹೋಗಬಾರದು. ಆದರೆ ಘಾಟಿಯಲ್ಲಿ ಕೆಲವೆಡೆ ಎಡಗಡೆ ನೆಲವೇ ಇರುವುದಿಲ್ಲ. ತಡೆಗೋಡೆಗೆ ಒತ್ತಿ ನಿಲ್ಲಿಸಿದರೆ ಮುಚ್ಚಳ ತೆರೆಯದು, ತೆರೆದರೂ ನಿಲ್ಲಲು ಜಾಗವಿರದು. ಆದ್ದರಿಂದ ತ್ರಿಕೋನದ ಎಚ್ಚರಿಕೆ ಫಲಕ, ಟಾರ್ಚು ಮತ್ತು ಎರಡು ಅಡೆಗಟ್ಟೆಗಳು ಪೆಟ್ಟಿಗೆಯಲ್ಲಿರದೆ ಕ್ಯಾಬಿನ್ನಿನಿಂದಲೇ ಕೈಗೆಟುಕುವಂತಿರಬೇಕು.

ಅಳವಡಿಸುವಾಗ ಎಚ್ಚರ ವಹಿಸಬೇಕಾದ ಸಂಗತಿಗಳು ಹಲವು. ಷಾಸಿಯ ಮೇಲಂಚಿಗೂ ಕೆಳಂಚಿಗೂ ತೂತು ಕೊರೆಯಬೇಡಿ, ಬೆಸುಗೆ ಹಾಕಿಸಬೇಡಿ. ಭಾರವೆಲ್ಲ ಎಳೆಯುವುದು ಆ ಅಂಚುಗಳನ್ನೇ, ಬಿರುಕು ಹುಟ್ಟುವುದು ಅಲ್ಲಿಂದಲೇ. ಷಾಸಿಯ ನಡುಪಟ್ಟಿಯಲ್ಲಿ ಕಾರ್ಖಾನೆಯವರೇ ಬಿಟ್ಟಿರುವ ತೂತುಗಳನ್ನು ಬಳಸಿ, ಇಲ್ಲವೇ ಅಪ್ಪಿಹಿಡಿಯುವ ಬ್ರಾಕೆಟ್ಟುಗಳನ್ನು ಮಾಡಿಸಿ. ಬ್ರೇಕಿನ ಗಾಳಿಕೊಳವೆ, ವಿದ್ಯುತ್ ತಂತಿ, ಡೀಸೆಲ್ ಕೊಳವೆಗಳು ಪೆಟ್ಟಿಗೆಗೆ ಉಜ್ಜಬಾರದು. ಸೈಲೆನ್ಸರಿನ ಪಕ್ಕದಲ್ಲಿ ನೂಲಿನ ಪೆಟ್ಟಿಗೆಯನ್ನಿಡಲೇಬಾರದು, ಏಕೆಂದರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಬೆಲ್ಟಿನ ಬಲವನ್ನು ನಂಬುವಂತಿಲ್ಲ. ಪೆಟ್ಟಿಗೆಯ ಹೊರಮೈ ಲಾರಿಯ ಬದಿಯಿಂದ ಆಚೆಗೆ ಚಾಚಬಾರದು. ವಾಹನದಿಂದ ಏನೇ ಆದರೂ ಮಿತಿ ಮೀರಿ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 20,000 ರೂಪಾಯಿ ದಂಡವಿದೆ, ಇಳಿಸುವ ಖರ್ಚು ಅದರ ಮೇಲೆ.

ಮುಚ್ಚಳದ ಕೀಲು ಮೇಲ್ಗಡೆ ಇರುವಂತೆ ಮಾಡಿಸಿಕೊಳ್ಳುವುದು ಒಳ್ಳೆಯದು. ಚಿಲಕ ಕಳಚಿದರೂ ಮುಚ್ಚಳ ತನ್ನ ಭಾರದಿಂದಲೇ ಮುಚ್ಚಿಕೊಂಡಿರುತ್ತದೆ. ಕೀಲು ಕೆಳಗಿದ್ದರೆ ಅದೇ ಮುಚ್ಚಳ ದಾರಿಯಲ್ಲಿ ನಡೆಯುವವರ ಮೊಣಕಾಲಿನ ಎತ್ತರದಲ್ಲಿ ಬಾಯಿ ತೆರೆದು ಓಡುತ್ತದೆ. ಎರಡು ಚಿಲಕ, ಮೇಲೊಂದು ಬೀಗ ಹಾಕಿ. ತಳದ ನಾಲ್ಕು ಮೂಲೆಗಳಲ್ಲಿ ನೀರಿಳಿಯಲು ತೂತು ಬಿಡಿ ಮತ್ತು ತಳಕ್ಕೆ ರಬ್ಬರ್ ಹಾಸುವಾಗ ಆ ತೂತುಗಳು ಮುಚ್ಚದಂತೆ ನೋಡಿಕೊಳ್ಳಿ. ಮೊದಲ ಪ್ರಯಾಣದ ನಂತರ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಪೆಟ್ಟಿಗೆಯ ಬೋಲ್ಟು ಒಮ್ಮೆ ಸಡಿಲಾಗಿಯೇ ಆಗುತ್ತದೆ.

5. ಒಂದೊಂದನ್ನೂ ಅದರದರ ರೀತಿಯಲ್ಲಿ ಸುತ್ತಿಡಿ

ಬೆಲ್ಟು: ಕೊಕ್ಕೆಯ ತುದಿಯಿಂದ ಆರಂಭಿಸಿ ಚಾಪೆ ಸುತ್ತುವಂತೆ ಬಿಗಿಯಾಗಿ ಸುತ್ತಿ, ಬಾಲದ ತುದಿಯನ್ನು ಹೊರಗುಳಿಸಿ ರಬ್ಬರ್ ಬಳೆ ಹಾಕಿ. ರ‍್ಯಾಚೆಟ್, ಅಂದರೆ ಹಲ್ಲುಚಕ್ರದಿಂದ ಬೆಲ್ಟನ್ನು ಬಿಗಿಯುವ ಹಿಡಿಕೆಯ ಭಾಗ, ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿರಲಿ. ಹಲ್ಲುಗಳ ನಡುವಿನ ಕೆಸರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಹಲ್ಲನ್ನು ತಡೆಹಿಡಿಯುವ ನಾಲಿಗೆಯ ಬುಡಕ್ಕೆ ಎರಡು ಹನಿ ಎಣ್ಣೆ ಬಿಡಿ. ನಾಲಿಗೆ ಕೆಸರಿಗೆ ಅಂಟಿಕೊಂಡಿದ್ದರೆ ಬಿಗಿಯುವಾಗ "ಟಕ್" ಎಂಬ ಸದ್ದು ಬಂದರೂ ಹಲ್ಲಿಗೆ ಅರ್ಧ ಮಾತ್ರ ಕೂತಿರುತ್ತದೆ; ನನ್ನ ಕೈಯಲ್ಲೇ ಒಮ್ಮೆ ಹಾಗೆ ಕೂತ ರ‍್ಯಾಚೆಟ್ ಹಾರಿ ಹಿಡಿಕೆ ಮಣಿಕಟ್ಟಿಗೆ ಬಡಿದಿದೆ. ಎಣ್ಣೆ ಬೆಲ್ಟಿಗೆ ತಾಗಬಾರದು, ತಾಗಿದರೆ ಧೂಳು ಅಂಟಿ ನೂಲನ್ನು ಉಜ್ಜುತ್ತದೆ. ಸುತ್ತಿದ ಬೆಲ್ಟುಗಳನ್ನು ಬಲೆಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗಿನ ಕೊಕ್ಕೆಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಅದರೊಳಗೆ ಬೂಷ್ಟು ಹಿಡಿಯುತ್ತದೆ.

ಸರಪಳಿ: ರಾಶಿ ಹಾಕಬೇಡಿ. ಎರಡು ಕೊಕ್ಕೆಗಳನ್ನೂ ಪೆಟ್ಟಿಗೆಯ ಒಳಗೋಡೆಯ ಸರಳಿಗೆ ಸಿಕ್ಕಿಸಿ ನಡುಭಾಗವನ್ನು ಮಡಿಕೆ ಮಡಿಕೆಯಾಗಿ ಕೆಳಗೆ ಬಿಡಿ. ಹೀಗೆ ಮಾಡಿದರೆ ಕತ್ತಲಲ್ಲಿಯೂ ಒಂದೇ ಸರಪಳಿ ಕೈಗೆ ಬರುತ್ತದೆ, ನಾಲ್ಕು ಹೆಣೆದುಕೊಂಡು ಬರುವುದಿಲ್ಲ. ಬಿಗಿಯುವ ಲಿವರನ್ನು ಮುಚ್ಚಿ ತಂತಿಯಿಂದ ಕಟ್ಟಿ.

ಟಾರ್ಪಾಲು: ಇದು ಎಲ್ಲರೂ ಕ್ಯಾಬಿನ್ ಮೇಲಿನ ಕ್ಯಾರಿಯರಿಗೆ ಎಸೆಯುವ ವಸ್ತು. ಅಲ್ಲಿಡುವುದು ತಪ್ಪಲ್ಲ, ಎಸೆದು ಬಿಡುವುದು ತಪ್ಪು. ಉದ್ದಕ್ಕೆ ಮಡಚಿ, ಗಾಳಿಯನ್ನು ಮೊಣಕಾಲಿನಿಂದ ಒತ್ತಿ ಹೊರಹಾಕಿ ಸುತ್ತಿ, ಸುರುಳಿ ಲಾರಿಗೆ ಅಡ್ಡಲಾಗಿ ಮಲಗುವಂತಿಟ್ಟು, ಮೇಲೆ ಬಲೆ ಹಾಸಿ, ಎರಡು ಬೇರೆ ಬೇರೆ ಬೆಲ್ಟುಗಳಿಂದ ಕಟ್ಟಿ. ಒಂದೇ ಹಗ್ಗದಿಂದ ಎರಡು ಸುತ್ತು ಹಾಕಿದರೆ ಅದು ಎರಡು ಕಟ್ಟಲ್ಲ. ಒಂದು ಕಡೆ ಹರಿದರೆ ಎರಡೂ ಬಿಚ್ಚುತ್ತವೆ. ತುದಿಗಳು ಜೋತಾಡದಿರಲಿ. ತೋಟದೊಳಗಿನ ದಾರಿಯಲ್ಲಿ ನೆರಳುಮರದ ಕೊಂಬೆಗಳೂ ತಗ್ಗಾದ ವಿದ್ಯುತ್ ತಂತಿಗಳೂ ಇರುವುದರಿಂದ ಕ್ಯಾರಿಯರಿನ ಸಾಮಾನು ಅದರ ಕಂಬಿಗಿಂತ ಎತ್ತರ ಏಳಬಾರದು.

ಮರದ ಅಡೆಗಟ್ಟೆ, ಹಾರೆ, ಕತ್ತಿ: ಮಳೆಗಾಲದಲ್ಲಿ ದಾರಿಗೆ ಬಿದ್ದ ಕೊಂಬೆ ಕಡಿಯಲು ಕತ್ತಿ ಬೇಕೇ ಬೇಕು. ಅಲಗಿಗೆ ಒರೆ ಹಾಕಿ ಹಿಡಿಕೆ ಹೊರಮುಖವಾಗಿ ಬಿಗಿದಿಡಿ. ನೂಲಿನ ಪೆಟ್ಟಿಗೆಯಲ್ಲಂತೂ ಬೇಡ.

6. ಟ್ರೈಲರ್ ಲಾರಿಯಾದರೆ

ಮುಂದೆ ಎಳೆಯುವ ವಾಹನ, ಹಿಂದೆ ಕಳಚಬಹುದಾದ ಟ್ರೈಲರ್ ಇರುವ ಉದ್ದನೆಯ ಲಾರಿಗಳು ಹೆಚ್ಚಾಗಿ ಕಾಣುವುದು ಕುಶಾಲನಗರದ ಆಸುಪಾಸಿನಲ್ಲಿ; ಕೂಡ್ಲೂರು ಕೈಗಾರಿಕಾ ಪ್ರದೇಶದವರೆಗೆ ಬಂದು ಹೋಗುವವರು ಈ ಭಾಗವನ್ನು ಗಮನಿಸಿ. ಕ್ಯಾಬಿನ್ನಿನ ಹಿಂಬದಿಗೂ ಟ್ರೈಲರಿನ ಮೂತಿಗೂ ನಡುವೆ ಖಾಲಿ ಜಾಗ ಕಾಣುತ್ತದೆ, ಸಾಮಾನಿಡಲು ಆಸೆಯಾಗುತ್ತದೆ. ನೇರವಾಗಿ ನಿಂತಾಗ ಕಾಣುವ ಜಾಗ ತಿರುವಿನಲ್ಲಿ ಇರುವುದಿಲ್ಲ. ಟ್ರೈಲರಿನ ಮೂಲೆ ತಿರುಗಿ ಕ್ಯಾಬಿನ್ನಿನತ್ತ ಬರುತ್ತದೆ, ಗಾಳಿಕೊಳವೆಗಳು ಅಲ್ಲಿಯೇ ಜೋತಾಡುತ್ತಿರುತ್ತವೆ. ನೆಲದ ತಗಡಿನ ಮೇಲೆ ಏನನ್ನೂ ಇಡಬೇಡಿ. ಕ್ಯಾಬಿನ್ನಿನ ಹಿಂಬದಿಗೆ ಸರಪಳಿ ತೂಗುಹಾಕುವ ಚೌಕಟ್ಟು ಇದ್ದರೆ ಮೈದಾನದಲ್ಲಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಬ್ಬರು ದೂರ ನಿಂತು ಅಂತರ ಎಷ್ಟು ಉಳಿಯುತ್ತದೆಂದು ನೋಡಿ, ಆಮೇಲೆ ಬಳಸಿ. ಟ್ರೈಲರಿನ ಅಂಚಿನಲ್ಲಿರುವ ಬೆಲ್ಟು ಸುತ್ತುವ ರಾಟೆಗಳಲ್ಲಿ ಬೆಲ್ಟನ್ನು ಪೂರ್ತಿ ಸುತ್ತಿಡಿ. ಅರ್ಧ ಬಿಟ್ಟ ಬಾಲ ಚಕ್ರಕ್ಕೆ ಸಿಕ್ಕಿದರೆ ಬೆಲ್ಟಿನ ಜೊತೆ ರಾಟೆಯನ್ನೂ ಕಿತ್ತೊಯ್ಯುತ್ತದೆ.

7. ಕ್ಯಾಬಿನ್ನನ್ನು ಖಾಲಿ ಮಾಡಿ

ನೀರಿನ ಬಾಟಲಿಯಾಗಲಿ, ಜಾಕಿಯ ರಾಡಾಗಲಿ, ರ‍್ಯಾಚೆಟ್ಟಾಗಲಿ ಚಾಲಕನ ಕಾಲಿನ ಬಳಿ ಇರಕೂಡದು. ಇಳಿಜಾರಿನಲ್ಲಿ ಅವು ಉರುಳಿ ಬಂದು ಸೇರುವುದು ಬ್ರೇಕ್ ಪೆಡಲಿನ ಅಡಿಗೆ. ಸೀಟಿನ ಹಿಂದೆ ಇಡುವುದಾದರೆ ಮುಂಭಾಗಕ್ಕೆ ಅಡ್ಡಪಟ್ಟಿ ಬೇಕು. ತ್ರಿಕೋನ ಫಲಕವನ್ನು ಬಾಗಿಲಿನ ಜೇಬಿನಲ್ಲಿಯೂ ಅಡೆಗಟ್ಟೆಗಳನ್ನು ಕ್ಲೀನರ್ ಕಡೆಯ ಸೀಟಿನ ಕೆಳಗೆ ಪಟ್ಟಿಯಿಂದ ಬಿಗಿದೂ ಇಡಿ.

8. ಹೊರಡುವ ಮುನ್ನ, ದಾರಿಯಲ್ಲಿ

ಲಾರಿಯ ಸುತ್ತ ಒಂದು ಸುತ್ತು ಬನ್ನಿ. ಪೆಟ್ಟಿಗೆಯ ಚಿಲಕಗಳನ್ನು ಕಣ್ಣಿನಿಂದ ನೋಡಿದರೆ ಸಾಲದು, ಕೈಯಿಂದ ಎಳೆದು ನೋಡಿ. ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಅದರ ಸರಪಳಿಯ ಜೊತೆಗೆ ಇನ್ನೊಂದು ಕಟ್ಟಿನಿಂದಲೂ ಬಿಗಿದಿದೆಯೇ ನೋಡಿ. ಹೊರಟ ಮೊದಲ 15-20 ಕಿ.ಮೀ. ಒಳಗೆ, ಘಾಟಿ ಆರಂಭವಾಗುವ ಮೊದಲೇ, ಸಮತಟ್ಟಾದ ಅಗಲ ಜಾಗದಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿ. ಸಾಮಾನೆಲ್ಲ ಕುಲುಕಿ ತನ್ನ ಜಾಗ ಹಿಡಿಯುವುದು ಅಷ್ಟರಲ್ಲಿ, ಇನ್ನೂರು ಕಿ.ಮೀ. ಆದ ಮೇಲೆ ನೋಡುವುದರಿಂದ ಬಿದ್ದುಹೋದದ್ದರ ಲೆಕ್ಕ ಸಿಗುತ್ತದೆ ಅಷ್ಟೆ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನಗಳಿಗೆ, ಮರ ಮತ್ತು ಮರಳು ಸಾಗಿಸುವ ಲಾರಿಗಳಿಗೆ ನಿರ್ಬಂಧ ಹೇರುವುದುಂಟು, ಆದ್ದರಿಂದ ಆ ವರ್ಷದ ಆದೇಶವನ್ನು ಲೋಡ್ ಮಾಡುವ ಮೊದಲೇ ವಿಚಾರಿಸಿಕೊಳ್ಳಿ.

9. ಪ್ರಯಾಣದಿಂದ ಬಂದ ಮೇಲೆ ಒಣಗಿಸಿ

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಟಾರ್ಪಾಲನ್ನು ಮಡಚಿಟ್ಟರೆ ಮೂರನೆಯ ದಿನಕ್ಕೆ ಅದನ್ನು ಬಿಚ್ಚುವಾಗಲೇ ಹಳಸಿದ ವಾಸನೆ ಮೂಗಿಗೆ ಬಡಿಯುತ್ತದೆ, ಕರಿಚುಕ್ಕೆಗಳು ಮಡಿಕೆಯ ಗೆರೆಯುದ್ದಕ್ಕೂ ಮೂಡಿರುತ್ತವೆ. ಈ ತಿಂಗಳುಗಳಲ್ಲಿ ತೋಟದ ಗೋದಾಮಿನ ತೊಲೆಗೆ ಹಗ್ಗ ಕಟ್ಟಿ ಹರವಿ. ಪೂರ್ತಿ ಒಣಗದಿದ್ದರೂ ಮಡಿಕೆಯಲ್ಲಿರುವುದಕ್ಕಿಂತ ಮೇಲು. ಬೆಲ್ಟನ್ನು ಒಲೆಯ ಮೇಲಾಗಲಿ, ಬಿಸಿ ಎಂಜಿನ್ನಿನ ಮೇಲಾಗಲಿ ಒಣಗಿಸಬೇಡಿ. ಸುಣ್ಣ, ಸಿಮೆಂಟು, ಗೊಬ್ಬರ ತುಂಬಿದ ಲಾರಿಯಾದರೆ ಬೆಲ್ಟನ್ನು ಬರೀ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ತೂಗುಹಾಕಿ, ತಳಹಲಗೆಯನ್ನೂ ತೊಳೆಯಿರಿ. ಸರಪಳಿಯ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಮೇಲೆ ಉಳಿದ ಎಣ್ಣೆಯನ್ನು ಮತ್ತೊಂದು ಒಣಬಟ್ಟೆಯಿಂದ ತೆಗೆಯಿರಿ.

ರೋಬಸ್ಟ ಕೊಯ್ಲು ಮುಗಿದು ಕಣ ಖಾಲಿಯಾಗುವ ಮಾರ್ಚ್ ಕೊನೆಯ ಹೊತ್ತಿಗೆ, ಬಿಸಿಲು ಚೆನ್ನಾಗಿರುವ ಒಂದು ದಿನ, ಮೊದಲ ಹಂತವನ್ನು ಮತ್ತೆ ಪೂರ್ತಿಯಾಗಿ ಮಾಡಿ. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬಣ್ಣ ಬಳಿದು ಅದರ ಮೇಲೆ ಬೆಲ್ಟು ಎಷ್ಟು, ಸರಪಳಿ ಎಷ್ಟು, ಲಿವರ್ ಎಷ್ಟು, ಮೂಲೆಗೆ ಕೊಡುವ ರಬ್ಬರ್ ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಬರೆಸಿಡಿ. ಮೂಟೆ ಇಳಿಸಿದ ಊರಿನಲ್ಲಿಯೇ ಬಿಟ್ಟು ಬಂದ ಬೆಲ್ಟು ಯಾವುದೆಂದು ಮುಂದಿನ ಲೋಡಿನ ಹೊತ್ತಿಗೆ ತಿಳಿಯುವ ಬದಲು ಅಂದೇ, ಮುಚ್ಚಳ ಹಾಕುವಾಗಲೇ ತಿಳಿಯುತ್ತದೆ.